ಕೊಳ್ಳುವ ಸಂಭ್ರಮ, ಮಸೆಯದ ಉಳಿ

ಯಂತ್ರಗಳ ನೆರವಿಲ್ಲದೆ ಕೈಯಲ್ಲೇ ಮರಗೆಲಸ ಮಾಡುವುದನ್ನು ಹವ್ಯಾಸವಾಗಿಸಿಕೊಂಡವರ ಲೋಕದಲ್ಲಿ ಒಂದು ನಂಬಿಕೆ ಯಾರ ಪ್ರಶ್ನೆಗೂ ಒಳಗಾಗದೆ ನೆಮ್ಮದಿಯಾಗಿ ನೆಲೆಸಿದೆ. ಹೊಸ ಉಳಿಯನ್ನೋ ಗರಗಸವನ್ನೋ ಕೊಂಡು ತರುವ ಸಂತೋಷ ಮರಗೆಲಸದ ಸಂತೋಷದಿಂದ ಬೇರೆಯಲ್ಲ, ಒಳ್ಳೆಯ ಉಪಕರಣದಿಂದ ಒಳ್ಳೆಯ ಕೆಲಸ ತಾನಾಗಿಯೇ ಹೊರಡುತ್ತದೆ, ಆದ್ದರಿಂದ ಅದಕ್ಕೆ ಸುರಿದ ಹಣ ದುಂದಲ್ಲ, ಕಲಿಕೆಗೆ ಹೂಡಿದ ಬಂಡವಾಳ ಎಂಬುದು ಆ ನಂಬಿಕೆಯ ತಿರುಳು. ಅಮೆರಿಕ, ಕೆನಡಾ, ಬ್ರಿಟನ್ ದೇಶಗಳ ಮರಗೆಲಸದ ಪತ್ರಿಕೆಗಳು, ಮಾರಾಟಗಾರರ ಕ್ಯಾಟಲಾಗುಗಳು, ವಾರಾಂತ್ಯದ ತರಬೇತಿ ಶಿಬಿರಗಳು ಇದನ್ನು ಎಂಥ ಒಮ್ಮತದಿಂದ ಹೇಳುತ್ತ ಬಂದಿವೆಯೆಂದರೆ, ಕೊಳ್ಳುವುದಕ್ಕೂ ಕಲಿಯುವುದಕ್ಕೂ ನಡುವೆ ಒಂದು ಗೆರೆಯಿದೆಯೆಂದು ನೆನಪಿಸುವವನೇ ರಸಭಂಗ ಮಾಡಿದವನಂತೆ ಕಾಣುತ್ತಾನೆ. ಆ ರಸಭಂಗ ಈಗ ಆಗಲೇಬೇಕಾಗಿದೆ. ಯಾರಿಗೂ ಕೇಡಿಲ್ಲವೆಂದು ತೋರುವ ಈ ಸಂಭ್ರಮ ಮಸೆಯುವ ವಿದ್ಯೆಯ ಜಾಗದಲ್ಲಿ ಖರೀದಿಯನ್ನು ತಂದು ಕೂರಿಸಿದೆ. ಕಲಿಯಲು ಬಂದವರನ್ನು ಗಿರಾಕಿಗಳನ್ನಾಗಿ ಮಾಡಿದೆ. ಸಾಮಾನ್ಯ ಉಪಕರಣಗಳಿಂದಲೇ ಹೊಟ್ಟೆ ಹೊರೆಯುವ ಬಡಗಿಯನ್ನು ಕಸುಬಿನ ಚಿತ್ರದಿಂದಲೇ ಹೊರಗಿಟ್ಟಿದೆ.

ಈ ನಂಬಿಕೆಗೆ ಒಂದು ಇತಿಹಾಸವಿದೆ. ಮರದ ಮೈಯನ್ನು ಹೆರೆದು ಸಮಮಾಡುವ ಕೀಸುಳಿಗೆ, ಅಂದರೆ ಕೆಲವೆಡೆ ತೋಪಡ ಎಂದು ಕರೆಯುವ ಸಾಧನಕ್ಕೆ, ಕಬ್ಬಿಣದ ಮೈಯನ್ನೂ ಅಲಗನ್ನು ಏರಿಸಿ ಇಳಿಸುವ ತಿರುಪನ್ನೂ ಕೂಡಿಸಿ ಇಂದಿನ ರೂಪ ಕೊಟ್ಟವರು 19ನೇ ಶತಮಾನದ ಅಮೆರಿಕದ ಲಿಯೊನಾರ್ಡ್ ಬೈಲಿ. ಅವರ ಪೇಟೆಂಟುಗಳನ್ನು 1869ರಲ್ಲಿ ಕೊಂಡ ಕನೆಕ್ಟಿಕಟ್ ರಾಜ್ಯದ ಸ್ಟ್ಯಾನ್ಲಿ ಕಂಪನಿ ಆ ಕೀಸುಳಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಸಾಮಾನ್ಯ ಕೆಲಸಗಾರರ ಕೈಗೆ ತಲುಪಿಸಿತು. ಎರಡನೆಯ ಮಹಾಯುದ್ಧದ ನಂತರ ವಿದ್ಯುತ್ ಯಂತ್ರಗಳು ಹಬ್ಬಿ ಕೈಸಾಧನಗಳ ಗುಣಮಟ್ಟ ಕುಸಿದಾಗ, 1978ರಲ್ಲಿ ಲಿಯೊನಾರ್ಡ್ ಲೀ ಒಟ್ಟಾವಾದಲ್ಲಿ ಸ್ಥಾಪಿಸಿದ ಲೀ ವ್ಯಾಲಿ ಸಂಸ್ಥೆಯೂ 1981ರಲ್ಲಿ ಥಾಮಸ್ ಲೀ-ನೀಲ್ಸನ್ ಮೇನ್ ರಾಜ್ಯದಲ್ಲಿ ಆರಂಭಿಸಿದ ಕಾರ್ಖಾನೆಯೂ ಹಳೆಯ ವಿನ್ಯಾಸಗಳಿಗೆ ಮತ್ತೆ ಜೀವ ಕೊಟ್ಟವು. ಅವುಗಳ ಸರಕು ಉತ್ತಮವಾದದ್ದೆಂಬುದರಲ್ಲಿ ಸಂದೇಹವಿಲ್ಲ. ತೊಡಕು ಶುರುವಾದದ್ದೇ ಅಲ್ಲಿಂದ. ಸರಕು ಒರಟಾಗಿದ್ದಾಗ ಕೊಂಡವನು ಅದನ್ನು ತಿದ್ದಲು ಕಲಿಯಲೇಬೇಕಿತ್ತು. ಸರಕು ಚೊಕ್ಕವಾಗಿ ಬರತೊಡಗಿದಾಗ, ಕೊಂಡರೆ ಕಲಿತಂತೆಯೇ ಎಂಬ ಭ್ರಮೆಗೆ ನೆಲೆ ಸಿಕ್ಕಿತು.

ಮೊದಲ ಆರೋಪ ಆರಾಧನೆಗೆ ಸಂಬಂಧಿಸಿದ್ದು. ಒಂದು ಸಮುದಾಯ ಯಾವುದನ್ನು ಪೂಜಿಸುತ್ತದೆ ಎಂಬುದರಿಂದ ಅದರ ಮೌಲ್ಯಗಳನ್ನು ಅಳೆಯುವುದಾದರೆ, ಈ ಲೋಕದ ಅತ್ಯಂತ ಪ್ರಸಿದ್ಧ ವಸ್ತುಗಳಲ್ಲಿ ಒಂದು ಇಂಗ್ಲೆಂಡಿನ ರೋಚೆಸ್ಟರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿರುವ ಬೆಂಜಮಿನ್ ಸೀಟನ್ ಎಂಬಾತನ ಪೆಟ್ಟಿಗೆ. 1796ರಲ್ಲಿ ಆತನ ತಂದೆ ಲಂಡನ್ನಿನಿಂದ ಪೂರ್ತಿ ಒಂದು ಜೊತೆ ಉಪಕರಣಗಳನ್ನು ಕೊಡಿಸಿದರು. ಮಗ 1797ರಲ್ಲಿ ಅವುಗಳಿಗೊಂದು ಸೊಗಸಾದ ಪೆಟ್ಟಿಗೆ ಮಾಡಿ, ಒಂದೊಂದಕ್ಕೂ ಜಾಗ ಕಲ್ಪಿಸಿ, ಪಟ್ಟಿಯನ್ನೂ ಬರೆದಿಟ್ಟನು. ಆಮೇಲೆ ಅವನ್ನು ಹೆಚ್ಚಾಗಿ ಬಳಸಲೇ ಇಲ್ಲ. ಬಳಸದೆ ಇದ್ದುದರಿಂದಲೇ 18ನೇ ಶತಮಾನದ ಉಪಕರಣಗಳು ಹೊಸತರಲ್ಲಿ ಹೇಗಿದ್ದವು ಎಂಬುದಕ್ಕೆ ಅದು ಇತಿಹಾಸಕಾರರಿಗೆ ಅಪೂರ್ವ ಸಾಕ್ಷ್ಯವಾಗಿದೆ. ಆದರೆ ಇತಿಹಾಸಕಾರನಿಗೆ ಸಾಕ್ಷ್ಯವಾದದ್ದು ಕೆಲಸಗಾರನಿಗೆ ಆದರ್ಶವಾಗುವುದು ಹೇಗೆ? ಅದೇ ಕಾಲದಲ್ಲಿ ಮುಂಜಾನೆಯಿಂದ ಕತ್ತಲಾಗುವವರೆಗೆ ಕಿಟಕಿ ಬಾಗಿಲು ಮಾಡುತ್ತ ತಮ್ಮ ಉಳಿಗಳನ್ನು ಮಸೆದು ಮಸೆದು ಮೋಟು ಮಾಡಿ ಎಸೆದವರ ಪೆಟ್ಟಿಗೆಗಳು ಏಕೆ ಯಾರ ಕನಸಿಗೂ ಬರುವುದಿಲ್ಲ? ಮ್ಯಾಸಚೂಸೆಟ್ಸ್‌ನಲ್ಲಿ ಪಿಯಾನೊ ತಯಾರಿಕೆಯಲ್ಲಿ ದುಡಿದ ಹೆನ್ರಿ ಸ್ಟಡ್ಲಿ ಅವರ ಪೆಟ್ಟಿಗೆಯ ಕತೆಯೂ ಇಷ್ಟೆ: ಸುಮಾರು 300 ಉಪಕರಣಗಳು ಅಚ್ಚುಕಟ್ಟಾಗಿ ಅಡಗಿದ ಅದರ ಚಿತ್ರ ಅಮೆರಿಕದ ಹವ್ಯಾಸಿಗಳ ಎಷ್ಟೋ ಕೆಲಸದ ಮನೆಗಳ ಗೋಡೆಯೇರಿದೆ, ಸ್ಟಡ್ಲಿ ಅವರ ಕೈಯಿಂದ ಹಾದುಹೋದ ಪಿಯಾನೊಗಳು ಎಂಥವು ಎಂದು ಕೇಳಿದರೆ ಉತ್ತರಿಸುವವರು ವಿರಳ. ಪಾತ್ರೆಯನ್ನು ಕೊಂಡಾಡಿ ಅಡುಗೆಯನ್ನು ಮರೆತ ಈ ರಸಿಕತೆಗೆ ಕುಶಲಕಲೆಯ ಪ್ರೀತಿ ಎಂಬ ಹೆಸರು ಹೇಗೆ ಸಲ್ಲುತ್ತದೆ?

ಎರಡನೆಯ ಆರೋಪ ಇನ್ನೂ ಮೂಲಭೂತವಾದದ್ದು: ಉಪಕರಣವೆಂದರೇನು ಎಂಬುದನ್ನೇ ಈ ದೃಷ್ಟಿ ತಪ್ಪಾಗಿ ತಿಳಿದಿದೆ. ಉಳಿಯ ಸಪಾಟಾದ ಬೆನ್ನೂ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಓರೆಯಲ್ಲಿರುವ ಅದರ ಮುಖವೂ ಕೂಡುವ ರೇಖೆಯೇ ಅದರ ಬಾಯಿ. ಆ ರೇಖೆ ದುಂಡಗಾದ ಗಳಿಗೆಯಿಂದ ಉಳಿ ಬರಿಯ ಕಬ್ಬಿಣದ ತುಂಡು. ಅದನ್ನು ಮತ್ತೆ ಪಡೆಯಲು ಒರಟು ಸಾಣೆಕಲ್ಲಿನ ಮೇಲೆ ಓರೆಯನ್ನು ಉಜ್ಜಿ, ಬೆನ್ನಿನ ಕಡೆ ಬೆರಳಿಗೆ ತಾಕುವಷ್ಟು ಸಣ್ಣ ಮುಳ್ಳಂಚು ಏಳುವವರೆಗೆ ಕಾದು, ನಯವಾದ ಕಲ್ಲಿನ ಮೇಲೆ ಎರಡೂ ಮುಖಗಳನ್ನು ಸವರಿ, ಕೊನೆಗೆ ತೊಗಲಿನ ಮೇಲೆಳೆದು ಆ ಮುಳ್ಳನ್ನು ತೆಗೆಯಬೇಕು. ಪೆಟ್ಟಿಗೆಯಿಂದ ಹೊರಬರುವಾಗ ಯಾವ ಹೆಸರಾಂತ ಕಾರ್ಖಾನೆಯ ಅಲಗು ಎಷ್ಟೇ ಹರಿತವಾಗಿದ್ದರೂ ಗಟ್ಟಿಮರದ ಮೇಲೆ ಆ ಹರಿತ ಕೆಲವು ಗಂಟೆಗಳ ಮಾತು. ಕರ್ನಾಟಕದ ಬಡಗಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ, ಏಕೆಂದರೆ ಅವರು ದಿನನಿತ್ಯ ಬಳಸುವ ತೇಗದೊಳಗೆ ಸಿಲಿಕಾ, ಅಂದರೆ ಮರಳಿನಲ್ಲಿರುವ ಗಟ್ಟಿ ಖನಿಜ, ಸಹಜವಾಗಿಯೇ ಸೇರಿಕೊಂಡಿದ್ದು ಎಂಥ ಉಕ್ಕಿನ ಬಾಯನ್ನೂ ಬೇಗನೆ ಸವೆಸುತ್ತದೆ. ಹೀಗಿರುವಾಗ ಮಸೆಯಲು ಬಾರದವನು ಉಳಿಯನ್ನು ಕೊಂಡಾಗ ಅವನಿಗೆ ದಕ್ಕುವುದು ಕಾರ್ಖಾನೆಯವರು ಮಸೆದ ಮೊದಲ ಹರಿತವಷ್ಟೆ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಕೆಲಸಕ್ಕೆ ಸಿದ್ಧ ಎಂಬ ಜಾಹೀರಾತಿನ ಮಾತು ಕೊಳ್ಳುವವನಿಗೆ ನೀಡುವ ಸೌಲಭ್ಯವೆಂದು ತೋರಿದರೂ, ಅವನ ಅಜ್ಞಾನವನ್ನು ಕೆಲವು ದಿನಗಳ ಮಟ್ಟಿಗೆ ಮುಂದೂಡುವ ವ್ಯವಸ್ಥೆಯೇ ಆಗಿದೆ. ಜಪಾನಿನ ಬಡಗಿಗಳ ಪರಂಪರೆ ಈ ವಿಷಯದಲ್ಲಿ ಕಟ್ಟುನಿಟ್ಟಾದದ್ದು. ಅಲ್ಲಿ ಕಾನ್ನ ಎಂಬ ಕೀಸುಳಿಯ ಅಲಗನ್ನು ಅದರ ಮರದ ಒಡಲಿಗೆ ಹೊಂದಿಸುವುದು, ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಆ ಒಡಲಿನ ಅಡಿಯನ್ನು ಮತ್ತೆ ಮತ್ತೆ ತಿದ್ದುವುದು, ಮಸೆದಂತೆ ಸವೆಯುವ ಅಲಗಿನ ಬೆನ್ನಿನ ಕುಳಿಯನ್ನು ಸಣ್ಣ ಸುತ್ತಿಗೆಯ ಪೆಟ್ಟುಗಳಿಂದ ಸರಿಪಡಿಸುವುದು ಬಳಸುವವನ ಪಾಲಿನ ಕೆಲಸ.

ಮೂರನೆಯ ಆರೋಪಕ್ಕೆ ಈ ಸಂಸ್ಕೃತಿಯೇ ತನ್ನ ವಿರುದ್ಧ ಸಾಕ್ಷಿ ಒದಗಿಸಿದೆ. ಮರದ ನಾರು ಅಡ್ಡಾದಿಡ್ಡಿಯಾಗಿ ಹರಿದಿರುವ ಕಡೆ ಕೀಸುಳಿ ಓಡಿಸಿದರೆ ನಾರು ಕಿತ್ತುಬಂದು ಮೈ ಒರಟಾಗುತ್ತದೆ. ಇದಕ್ಕೆ 20ನೇ ಶತಮಾನದ ಕೊನೆಯ ದಶಕಗಳಿಂದ ಮಾರುಕಟ್ಟೆ ಸೂಚಿಸುತ್ತ ಬಂದ ಪರಿಹಾರ ಖರೀದಿ: ಸಾಮಾನ್ಯ 45 ಡಿಗ್ರಿಯ ಬದಲು 55 ಅಥವಾ 60 ಡಿಗ್ರಿಯಲ್ಲಿ ಅಲಗು ನಿಲ್ಲುವ ಬೇರೆಯೇ ಕೀಸುಳಿ, ಇನ್ನೂ ದಪ್ಪನೆಯ ಅಲಗು, ಇನ್ನೂ ಭಾರದ ಒಡಲು. ಆದರೆ ಅಲಗಿನ ಬೆನ್ನಿಗೆ ಬಿಗಿದಿರುವ ಇನ್ನೊಂದು ಲೋಹದ ಪಟ್ಟಿ, ಇಲ್ಲಿ ಮೇಲ್ಪಟ್ಟಿ ಎಂದು ಕರೆಯಬಹುದಾದದ್ದು, ಇದೇ ತೊಂದರೆಗೆ ಮದ್ದಾಗಿ 18ನೇ ಶತಮಾನದಿಂದಲೇ ಬಳಕೆಯಲ್ಲಿತ್ತು. ಬೈಲಿ ವಿನ್ಯಾಸದ ಅತ್ಯಂತ ಸಾಮಾನ್ಯ ಕೀಸುಳಿಯಲ್ಲೂ ಅದು ಇದ್ದೇ ಇತ್ತು. ಅದರ ತುದಿಯನ್ನು ಅಲಗಿನ ಬಾಯಿಗೆ ಕೂದಲೆಳೆಯಷ್ಟು ಹತ್ತಿರ ತಂದರೆ, ಏಳುವ ಸುರುಳಿ ತಕ್ಷಣವೇ ಮುಂದಕ್ಕೆ ಬಾಗಿ, ನಾರು ಸೀಳಿಕೊಂಡು ಮುಂದೋಡುವುದು ತಪ್ಪುತ್ತದೆ. ಜಪಾನಿನ ಯಾಮಾಗಾಟಾ ವಿಶ್ವವಿದ್ಯಾಲಯದ ಸಂಶೋಧಕರಾದ ಕವಾಯ್ ಮತ್ತು ಕಾಟೊ ಸೂಕ್ಷ್ಮದರ್ಶಕದ ಚಲನಚಿತ್ರಗಳಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಆ ಚಿತ್ರಗಳು 2010ರ ದಶಕದಲ್ಲಿ ಇಂಗ್ಲಿಷ್ ಬಲ್ಲ ಹವ್ಯಾಸಿಗಳನ್ನು ತಲುಪಿದಾಗ ಅವರಲ್ಲಿ ಅನೇಕರಿಗೆ ಅದು ಹೊಸ ಆವಿಷ್ಕಾರದಂತೆ ಕಂಡಿತು. ಎರಡು ಶತಮಾನಗಳ ಕಾಲ ಬಡಗಿಗಳ ಬೆರಳ ತುದಿಯಲ್ಲಿದ್ದ ತಿಳಿವಳಿಕೆಯನ್ನು ಒಂದು ಸಮುದಾಯ ಮರೆತು, ಅದರ ಬದಲಿಗೆ ದುಬಾರಿ ಸಾಧನಗಳನ್ನು ಕೊಳ್ಳುತ್ತಿತ್ತೆಂದರೆ, ಖರೀದಿ ಕಲಿಕೆಗೆ ಪೂರಕ ಎಂಬ ವಾದದಲ್ಲಿ ಉಳಿದದ್ದಾದರೂ ಏನು? ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಗೆ ಇಲ್ಲಿ ಒಂದು ಉದ್ಯಮವೇ ಟೀಕೆ ಬರೆದಿದೆ. ನೆಲ ಡೊಂಕೆಂದು ದೂರಿದವರಿಗೆ ಹೊಸ ನೆಲವನ್ನೇ ಮಾರಲಾಗಿದೆ.

ನಾಲ್ಕನೆಯದಾಗಿ, ಈ ಸಂತೋಷಕ್ಕೆ ತೃಪ್ತಿಯೆಂಬುದು ಗೊತ್ತಿಲ್ಲ. ಸ್ಟ್ಯಾನ್ಲಿ ಕಂಪನಿ 1897ರಲ್ಲಿ ಹೊರತಂದ 55ನೇ ಸಂಖ್ಯೆಯ ಕೀಸುಳಿ 50ಕ್ಕೂ ಹೆಚ್ಚು ಬಗೆಯ ಅಲಗುಗಳನ್ನು ಹೊತ್ತು, ಇಡೀ ಕಾರ್ಖಾನೆಯೊಂದರ ಕೆಲಸವನ್ನು ಒಂದೇ ಸಾಧನ ಮಾಡಬಲ್ಲದೆಂಬ ಭರವಸೆಯೊಂದಿಗೆ ಬಂದಿತು. ಅದನ್ನು ಹೊಂದಿಸುವ ಕಷ್ಟ ಬಳಸಿದವರಿಗೆಲ್ಲ ಗೊತ್ತಿದ್ದದ್ದೇ. ಇಂದು ಅದರ ಅನೇಕ ಪ್ರತಿಗಳು ಮೂಲ ಪೆಟ್ಟಿಗೆಯ ಸಹಿತ, ಅಲಗುಗಳು ಮಾಸದ ಸ್ಥಿತಿಯಲ್ಲಿ, ಸಂಗ್ರಾಹಕರ ನಡುವೆ ಕೈ ಬದಲಾಯಿಸುತ್ತಿವೆ. ಫ್ರೆಂಚ್ ಚಿಂತಕ ಡಿಡೆರೊ 1769ರ ಒಂದು ಪ್ರಬಂಧದಲ್ಲಿ, ಹೊಸ ನಿಲುವಂಗಿಯೊಂದು ಮನೆಗೆ ಬಂದ ಮೇಲೆ ಅದರ ಮುಂದೆ ಹಳೆಯ ಕುರ್ಚಿ ಮೇಜುಗಳೆಲ್ಲ ಕಳೆಗುಂದಿದಂತೆ ತೋರಿ ಒಂದೊಂದಾಗಿ ಬದಲಾದ ಬಗೆಯನ್ನು ವಿಡಂಬಿಸಿದ್ದರು. 1988ರಲ್ಲಿ ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್ರ್ಯಾಕನ್ ಒಂದು ಖರೀದಿ ಇನ್ನೊಂದನ್ನು ಎಳೆದು ತರುವ ಈ ಪ್ರವೃತ್ತಿಗೆ ಡಿಡೆರೊ ಅವರ ಹೆಸರನ್ನೇ ಇಟ್ಟರು. ಕೀಸುಳಿ ಬಂದರೆ ಅದಕ್ಕೆ ಸರಿದೂಗುವ ಉಳಿಗಳು, ಉಳಿಗಳು ಬಂದರೆ ಅವುಗಳನ್ನು ಮಸೆಯಲು ನಾಲ್ಕು ದರ್ಜೆಯ ಕಲ್ಲುಗಳು, ಕಲ್ಲುಗಳು ಬಂದರೆ ಅವುಗಳನ್ನೇ ಸಪಾಟು ಮಾಡಲು ವಜ್ರದ ಪುಡಿ ಮೆತ್ತಿದ ಫಲಕ, ಎಲ್ಲಕ್ಕೂ ಒಂದು ಕಪಾಟು ಹೀಗೆ ಬೆಳೆಯುವ ಸರಪಳಿಯಲ್ಲಿ ಕುರ್ಚಿಯೊಂದನ್ನು ಮಾಡಿ ಮುಗಿಸುವ ದಿನ ಯಾವಾಗ ಬರುತ್ತದೆ?

ಇದಕ್ಕಿಂತ ಆಳವಾದ ವಿರೋಧಾಭಾಸವೊಂದಿದೆ. ಬ್ರಿಟನ್ನಿನ ವಿನ್ಯಾಸಕಾರ ಡೇವಿಡ್ ಪೈ 1968ರ ತಮ್ಮ ಗ್ರಂಥದಲ್ಲಿ ಕೆಲಸಗಾರಿಕೆಯನ್ನು ಎರಡು ಬಗೆಯಾಗಿ ವಿಂಗಡಿಸಿದರು: ಪ್ರತಿ ಕ್ಷಣವೂ ಕೆಲಸಗಾರನ ಎಚ್ಚರ, ವಿವೇಚನೆ, ಕೈಚಳಕಗಳ ಮೇಲೆ ಫಲಿತಾಂಶ ನಿಂತಿರುವ, ಆದ್ದರಿಂದ ಯಾವ ಕ್ಷಣದಲ್ಲಾದರೂ ಕೆಡಬಹುದಾದ ಅಪಾಯದ ಕೆಲಸಗಾರಿಕೆ ಒಂದು, ಯಂತ್ರವೋ ಅಚ್ಚೋ ಫಲಿತಾಂಶವನ್ನು ಮೊದಲೇ ನಿಗದಿ ಮಾಡಿಬಿಡುವ ಖಚಿತತೆಯ ಕೆಲಸಗಾರಿಕೆ ಇನ್ನೊಂದು. ಕೈಮರಗೆಲಸಕ್ಕೆ ಒಲಿದವರೆಲ್ಲ ಮೊದಲನೆಯದನ್ನು ಆರಿಸಿಕೊಂಡೆವೆಂದು ಹೆಮ್ಮೆಪಡುತ್ತಾರೆ. ಆದರೆ ಮಸೆಯುವ ಕೋನ ತಪ್ಪದಂತೆ ಅಲಗನ್ನು ಹಿಡಿದು ನಿಲ್ಲಿಸುವ ಸಣ್ಣ ಗಾಲಿಬಂಡಿ, ಕೀಲುಗಳನ್ನು ಕೊಯ್ಯುವಾಗ ಗರಗಸ ಓಲದಂತೆ ಕಾಯುವ ಅಯಸ್ಕಾಂತದ ಮಾರ್ಗದರ್ಶಿ, ಗೆರೆ ತಪ್ಪದಂತೆ ತಡೆಯುವ ಇನ್ನೊಂದು ಹಿತ್ತಾಳೆಯ ಸಾಧನ ಎಂದು ಅವರು ಕೊಳ್ಳುತ್ತ ಹೋಗುವುದೆಲ್ಲ ಖಚಿತತೆಯನ್ನೇ. ಅಪಾಯವನ್ನು ಬಾಯಲ್ಲಿ ಹೊಗಳಿ ಹಣ ಕೊಟ್ಟು ಅದರಿಂದ ಪಾರಾಗುವುದಾದರೆ, ವಿದ್ಯುತ್ ಯಂತ್ರದ ಮೇಲೆ ಅವರು ತೋರುವ ತಿರಸ್ಕಾರಕ್ಕೆ ಆಧಾರವೇನು?

ಈ ದೃಷ್ಟಿಯ ಸಮರ್ಥಕರು ಮುಂದಿಡುವ ವಾದಗಳು ಹೆಚ್ಚು ಹೊತ್ತು ನಿಲ್ಲುವಂಥವಲ್ಲ. ಹೊಸ ಬಗೆಯ ಉಕ್ಕು ಹೆಚ್ಚು ಕಾಲ ಹರಿತ ಉಳಿಸಿಕೊಳ್ಳುತ್ತದೆ ಎಂಬುದು ಮೊದಲನೆಯದು. ಉಳಿಸಿಕೊಳ್ಳುತ್ತದೆ ನಿಜ, ಆದರೆ ಉಳಿಸಿಕೊಳ್ಳಲು ಮೊದಲು ಹರಿತ ಇರಬೇಕಲ್ಲ? ಅದೇ ಉಕ್ಕನ್ನು ಮಸೆಯಲು ಹೆಚ್ಚು ಹೊತ್ತು ಹಿಡಿಯುವುದರಿಂದ, ಮಸೆಯಲು ಹಿಂಜರಿಯುವವನ ಕೈಯಲ್ಲಿ ಅದು ಹೆಚ್ಚು ಕಾಲ ಮೊಂಡಾಗಿಯೂ ಉಳಿಯುತ್ತದೆ. ಒಮ್ಮೆ ಒಳ್ಳೆಯದನ್ನು ಕೊಂಡರೆ ಜೀವಮಾನಕ್ಕೆ ಸಾಕು ಎಂಬುದು ಎರಡನೆಯದು. ಜೀವಮಾನಕ್ಕೆ ಸಾಲುವ ವಸ್ತುವನ್ನು ಕೊಂಡವರು ಮರುವರ್ಷ ಅಂಥದೇ ಇನ್ನೊಂದನ್ನು ಕೊಳ್ಳುವಾಗ ಎಷ್ಟು ಜೀವಮಾನಗಳನ್ನು ಲೆಕ್ಕ ಹಾಕಿರುತ್ತಾರೆ? ಸ್ವಂತ ಹಣದ ಸ್ವಂತ ಸಂತೋಷಕ್ಕೆ ಅನ್ಯರ ತಕರಾರೇಕೆ ಎಂಬುದು ಕೊನೆಯ ಆಶ್ರಯ. ಸಂತೋಷ ಖಾಸಗಿಯಾಗಿಯೇ ಉಳಿದಿದ್ದರೆ ತಕರಾರಿರಲಿಲ್ಲ. ಅದು ಪಾಠವಾಗಿ, ಪತ್ರಿಕೆಯ ವಿಮರ್ಶೆಯಾಗಿ, ಹೊಸಬರ ಕೈಗಿಡುವ ಅವಶ್ಯಕ ವಸ್ತುಗಳ ಪಟ್ಟಿಯಾಗಿ ಮಾರ್ಪಟ್ಟಿರುವುದೇ ತಕರಾರಿನ ಕಾರಣ. ಅಮೆರಿಕದ ಲೇಖಕ ಕ್ರಿಸ್ಟೊಫರ್ ಶ್ವಾರ್ಜ್ 2011ರ ಪುಸ್ತಕವೊಂದರಲ್ಲಿ ಇದೇ ಕೂಡಿಡುವ ಚಟವನ್ನು ಎದುರಿಸಿ, 50ಕ್ಕಿಂತ ಕಡಿಮೆ ಉಪಕರಣಗಳಲ್ಲಿ ಬಹುತೇಕ ಎಲ್ಲ ಕೆಲಸವನ್ನೂ ಮಾಡಬಹುದೆಂದು ವಾದಿಸಿದ್ದರು. ಆ ಪಟ್ಟಿಯನ್ನೇ ಮುಂದಿನ ಖರೀದಿಯ ಪಟ್ಟಿಯಾಗಿ ಓದಿಕೊಳ್ಳುವ ಮನಸ್ಸಿಗೆ ಅಂಥ ಸಂಯಮದ ಗ್ರಂಥವೂ ಇನ್ನೊಂದು ಕ್ಯಾಟಲಾಗೇ ಆಗುತ್ತದೆ.

ಈ ಪಟ್ಟಿಗಳಿಂದ ಅತಿ ಹೆಚ್ಚು ಕೆಡುವವರು ಕಲಿಯಲು ಬಂದ ಹೊಸಬರು. ಕೈಗೆಲಸ ಕಲಿಯಲು ಇಷ್ಟು ಹಣ ಬೇಕೆಂದು ಹೊಸ್ತಿಲಲ್ಲೇ ಹೇಳಿಸಿಕೊಂಡವನು ಒಂದೋ ಹಿಂದಿರುಗುತ್ತಾನೆ, ಇಲ್ಲವೆ ಹಣ ತೆತ್ತು ತನ್ನ ಸೋಲಿಗೆ ಕಾರಣ ಇನ್ನೂ ಕೊಳ್ಳದ ಇನ್ನೊಂದು ಸಾಧನವೆಂದು ನಂಬುತ್ತಾನೆ. ಇತಿಹಾಸ ಹೇಳುವುದು ಬೇರೆಯೇ ಮಾತು. 20ನೇ ಶತಮಾನದ ಶ್ರೇಷ್ಠ ಪೀಠೋಪಕರಣ ಶಿಲ್ಪಿಗಳಲ್ಲಿ ಒಬ್ಬರಾದ ಜಾರ್ಜ್ ನಕಾಶಿಮಾ, 1930ರ ದಶಕದಲ್ಲಿ ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ವಸತಿಗೃಹದ ನಿರ್ಮಾಣದಲ್ಲಿ ವಾಸ್ತುಶಿಲ್ಪಿಯಾಗಿ ದುಡಿದವರು, 1942ರಲ್ಲಿ ಜಪಾನಿ ಮೂಲದವರೆಂಬ ಕಾರಣಕ್ಕೆ ಅಮೆರಿಕದ ಐಡಹೊ ರಾಜ್ಯದ ಮಿನಿಡೋಕಾ ಬಂಧನ ಶಿಬಿರ ಸೇರಿದರು. ಅಲ್ಲಿ ಗೆಂಟಾರೊ ಹಿಕೊಗಾವಾ ಎಂಬ ಬಡಗಿಯ ಜೊತೆ ಉಳಿಕೆ ಮರದ ತುಂಡುಗಳಲ್ಲಿ ಕೆಲಸ ಮಾಡುತ್ತ ಜಪಾನಿ ಕೈಸಾಧನಗಳ ಶಿಸ್ತನ್ನು ಕರಗತ ಮಾಡಿಕೊಂಡರು. ಮುಳ್ಳುತಂತಿಯ ಒಳಗೆ ಅವರಿಗೆ ಸಿಕ್ಕಿದ್ದು ಗುರು ಮತ್ತು ಸಮಯ. ಕ್ಯಾಲಿಫೋರ್ನಿಯಾದಲ್ಲಿ 1981ರಲ್ಲಿ ಮರಗೆಲಸದ ಶಾಲೆ ಕಟ್ಟಿದ ಜೇಮ್ಸ್ ಕ್ರೆನೊವ್ ತಮ್ಮ ಕೀಸುಳಿಗಳ ಮರದ ಒಡಲನ್ನು ತಾವೇ ಮಾಡಿಕೊಂಡರು, ವಿದ್ಯಾರ್ಥಿಗಳಿಂದಲೂ ಮಾಡಿಸಿದರು. ಉಪಕರಣ ಮಾಡುವುದೇ ಮೊದಲ ಪಾಠವಾದಾಗ ಅದರ ಒಳಗುಟ್ಟು ಕಲಿಯುವವನಿಗೆ ತಾನಾಗಿ ತೆರೆದುಕೊಳ್ಳುತ್ತದೆ. ಇಬ್ಬರ ಹೆಸರನ್ನೂ ಭಕ್ತಿಯಿಂದ ಹೇಳುವವರು ಇಬ್ಬರ ದಾರಿಯನ್ನೂ ಬಿಟ್ಟು ಅಂಗಡಿಯ ದಾರಿ ಹಿಡಿದಿರುವುದು ಎಂಥ ಶಿಷ್ಯವೃತ್ತಿ?

ಬೆಂಗಳೂರಿನಂಥ ನಗರಗಳ ಹವ್ಯಾಸಿಗಳು ವಿದೇಶದಿಂದ ಉಪಕರಣ ತರಿಸಿಕೊಳ್ಳುವ ಈ ಕಾಲದಲ್ಲಿ ಕರ್ನಾಟಕಕ್ಕೂ ಈ ಪ್ರಶ್ನೆ ದೂರದ್ದಾಗಿ ಉಳಿದಿಲ್ಲ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ ಬಡಗಿತನವೂ ಸೇರಿದಂತೆ 18 ಕಸುಬುಗಳವರಿಗೆ ಉಪಕರಣಗಳ ಬಾಬ್ತು 15,000 ರೂಪಾಯಿಯವರೆಗೆ ನೆರವು ನೀಡುತ್ತದೆ. ವಿದೇಶದ ಹೆಸರಾಂತ ಕಾರ್ಖಾನೆಯ ಒಂದೇ ಒಂದು ಸಾಧಾರಣ ಅಳತೆಯ ಕೀಸುಳಿಯ ಬೆಲೆ 300 ಡಾಲರಿಗೂ ಹೆಚ್ಚು, ಅಂದರೆ ಆಮದು ಸುಂಕ ಸೇರುವ ಮೊದಲೇ ಆ ಇಡೀ ನೆರವನ್ನು ಮೀರಿದ್ದು. ಒಬ್ಬ ಬಡಗಿಯ ಸಂಸಾರ ನಡೆಸಬೇಕಾದ ಉಪಕರಣಗಳಿಗೆ ಸಾಕೆಂದು ಸರ್ಕಾರ ಅಂದಾಜಿಸಿದ ಮೊತ್ತ ಕಪಾಟಿನ ಒಂದು ಅಲಂಕಾರಕ್ಕೆ ಸಾಲದೆನ್ನುವುದಾದರೆ, ಕಸುಬು ಯಾರದು, ಕಸುಬಿನ ಗೌರವ ಯಾರಿಗೆ ಸಲ್ಲುತ್ತಿದೆ? ಲಾರಿಯ ಹಳೆಯ ಪಟ್ಟಾ ಉಕ್ಕನ್ನು ಊರ ಕಮ್ಮಾರನಿಂದ ಬಡಿಸಿ, ಹದವಾಗಿ ಕಾಯಿಸಿ ನೀರು ಕುಡಿಸಿದ ಉಳಿಯಲ್ಲಿ ಬಾಗಿಲುವಾಡ ಕೆತ್ತಿದವರು, ಸಾಗರ ಸೊರಬಗಳ ಕಡೆ ಶ್ರೀಗಂಧ ಕೆತ್ತುವ ಗುಡಿಗಾರರು, ಚನ್ನಪಟ್ಟಣದಲ್ಲಿ ಹಾಲೆಮರವನ್ನು ಚರಕಿಗೇರಿಸಿ ಬೊಂಬೆ ಕಡೆಯುವವರು, ಇವರಲ್ಲಿ ಯಾರ ಸರಕನ್ನು ಕೊಳ್ಳುವವನೂ ಅವರ ಉಳಿಯ ಉಕ್ಕು ಯಾವ ದರ್ಜೆಯದೆಂದು ಕೇಳುವುದಿಲ್ಲ, ಏಕೆಂದರೆ ಉತ್ತರ ಸರಕಿನಲ್ಲೇ ಇರುತ್ತದೆ. ಆಯುಧಪೂಜೆಯ ದಿನ ಬಡಗಿ ತನ್ನ ಉಳಿ ಬಾಚಿಗಳನ್ನು ತೊಳೆದು ಕುಂಕುಮವಿಟ್ಟು ಅವುಗಳಿಗೆ ಬಿಡುವು ಕೊಡುತ್ತಾನೆ; ಆ ಬಿಡುವಿಗೆ ಅರ್ಥ ಬರುವುದು ವರ್ಷದ ಉಳಿದ ದಿನಗಳ ದುಡಿಮೆಯಿಂದ. ವರ್ಷವಿಡೀ ಪೂಜೆಯಲ್ಲೇ ಇರುವ ಆಯುಧಕ್ಕೆ ಅಂಥ ಬಿಡುವು ಯಾತರಿಂದ?

ಆದ್ದರಿಂದ ಬದಲಾಗಬೇಕಾದದ್ದು ವೈಯಕ್ತಿಕ ಅಭಿರುಚಿಯಷ್ಟೇ ಆಗಿರದೆ ಕಲಿಸುವ, ಬರೆಯುವ, ಮೆಚ್ಚುವ ಪದ್ಧತಿಗಳೂ ಆಗಿವೆ. ಮರಗೆಲಸ ಕಲಿಸುವ ಪ್ರತಿ ಶಾಲೆಯೂ ಉಪಕರಣಗಳ ಪಟ್ಟಿ ಕೊಡುವ ಮೊದಲು ಸಾಣೆಕಲ್ಲು ಕೊಡಬೇಕು. ಮೊಂಡಾದ ಸಾಮಾನ್ಯ ಉಳಿಯೊಂದನ್ನು ತೇಗದ ಅಡ್ಡನಾರನ್ನು ಚೊಕ್ಕವಾಗಿ ಕೊಯ್ಯುವ ಮಟ್ಟಕ್ಕೆ ತಾನೇ ತಂದವನಿಗೆ ಮಾತ್ರ ಮುಂದಿನ ಪಾಠ ಸಿಗಬೇಕು. ಪತ್ರಿಕೆಗಳು ಹೊಸ ಸಾಧನದ ಹೊಳಪನ್ನು ವಿಮರ್ಶಿಸುವ ಪುಟಗಳನ್ನು ಸವೆದ ಸಾಧನಗಳಿಂದ ಬದುಕು ಕಟ್ಟಿದವರ ಕೆಲಸಕ್ಕೆ ಬಿಟ್ಟುಕೊಡಬೇಕು, ವಸ್ತುಸಂಗ್ರಹಾಲಯಗಳು ಮೋಟಾದ ಉಳಿಗಳನ್ನೂ ಗಾಜಿನ ಪೆಟ್ಟಿಗೆಯೊಳಗೆ ಇಡಬೇಕು. ಹಳೆಯ ಕೈಸಾಧನಗಳನ್ನು ದುರಸ್ತಿ ಮಾಡಿ ಆಫ್ರಿಕಾದ ಕುಶಲಕರ್ಮಿಗಳಿಗೆ ಕಳುಹಿಸುವ ಬ್ರಿಟನ್ನಿನ ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್ ಎಂಬ ಸೇವಾಸಂಸ್ಥೆಯ ಮಾದರಿ ಕಣ್ಣೆದುರಿಗಿದೆ. ಕರ್ನಾಟಕದ ಹವ್ಯಾಸಿಗಳೂ ತಮ್ಮ ಕಪಾಟುಗಳಲ್ಲಿ ನಿದ್ರಿಸುತ್ತಿರುವ ಉಪಕರಣಗಳನ್ನು ಅವುಗಳಿಗಾಗಿ ಕಾದಿರುವ ಬಡಗಿಗಳ ಕೈಗೆ ದಾಟಿಸಬೇಕು, ಮುಂದಿನ ಖರೀದಿಗೆ ಎತ್ತಿಟ್ಟ ಹಣವನ್ನು ಮಸೆಯಲು ಕಲಿಸುವ ಹಿರಿಯ ಬಡಗಿಯೊಬ್ಬರಿಗೆ ಗುರುದಕ್ಷಿಣೆಯಾಗಿ ಕೊಡಬೇಕು. ಹೊಸ ಉಪಕರಣ ಬೇಕೆನ್ನುವವನು ಮೊದಲು ಹಳೆಯದರ ಬಾಯಿ ತೋರಿಸಲಿ, ಅದರಿಂದ ಹೊರಟ ಕೆಲಸವನ್ನು ತೋರಿಸಲಿ. ಎರಡನ್ನೂ ತೋರಿಸಲಾರದವನಿಗೆ ಗಿರಾಕಿ ಎಂಬ ಹೆಸರು ಸಾಕು. ಮರಗೆಲಸಗಾರ ಎಂಬ ಹೆಸರನ್ನು ದುಡಿದು ಗಳಿಸಿದವರಿಗೇ ಬಿಟ್ಟುಕೊಡಬೇಕು.